ಅರ್ಧ ಲೀಟರ್ ಸ್ಪಿರಿಟ್

"ಮೇಲೊಂದು ಸನ್‌ಮೈಕಾ ಹೊಡೆದುಬಿಟ್ಟರೆ ಆಯಿತಲ್ಲ ಸರ್" ಎಂದ ಬಡಗಿ ಹುಡುಗ. ಅಡುಗೆಮನೆಯ ಕಪಾಟು ಸರಿಮಾಡಲು ಬಂದವನು, ಅಟ್ಟದಿಂದ ಇಳಿಸಿಟ್ಟಿದ್ದ ಅಜ್ಜನ ಗಲ್ಲಾಪೆಟ್ಟಿಗೆಯನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿ ಕೊಟ್ಟ ತೀರ್ಪು ಇದು. ಸಾಗುವಾನಿಗೆ ಸನ್‌ಮೈಕಾ! ಅವನನ್ನು ಕಪಾಟಿನ ಕಡೆಗೆ ಅಟ್ಟಿ, ಇದನ್ನು ನಾನೇ ಮಾಡುತ್ತೇನೆ ಎಂದು ಘೋಷಿಸಿದೆ. ಹೆಂಡತಿ ಏನೂ ಹೇಳಲಿಲ್ಲ. ಅಂಗಳದಲ್ಲಿ ಒಂದು ಹರಕು ಚಾಪೆ ಹಾಸಿಕೊಟ್ಟಳು.

ಹಳೆಯ ಪಾಲಿಶ್ ಎಂಥದ್ದೆಂದು ತಿಳಿಯಲು ಮೂಲೆಯಲ್ಲಿ ತುಸು ಸ್ಪಿರಿಟ್ ಸವರಿ ನೋಡಬೇಕು, ಅಂಟಂಟಾದರೆ ಅರಗು. ಹೊಸ ಅರಗನ್ನು ಕರಗಿಸಲೂ ಅದೇ ಬೇಕು. ಸರಿ, ಮಂಡಿಪೇಟೆಗೆ ಹೊರಟೆ. ಮೊದಲ ಅಂಗಡಿಯವನು ಥಿನ್ನರ್ ಕೊಡಲು ಬಂದ. ಎರಡನೆಯವನು ಇಲ್ಲವೆಂದು ಕೈಯಾಡಿಸಿದ. ಮೂರನೆಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಯಾವುದಕ್ಕೆ?" ಎಂದ.

"ಪೆಟ್ಟಿಗೆಗೆ" ಎಂದೆ.

ಪಕ್ಕದಲ್ಲಿ ಮೊಳೆ ತೂಗಿಸುತ್ತಿದ್ದವನು ತಿರುಗಿದ. ಸಂಧಿ ಸಮಾಸ ಯಾವುದೂ ತಲೆಗೆ ಹತ್ತದೆ ನನ್ನ ಕೈಯಿಂದ ಪಾರಾಗಿ ಹೋಗಿದ್ದ ಶಿಷ್ಯ. "ಮೇಷ್ಟ್ರೇ, ನೀವಾ?"

ಅಲ್ಲಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮೂವತ್ತು ವರ್ಷ ಪಾಠ ಹೇಳಿದ ಬಾಯಿ, ಸುಮ್ಮನಿರುವುದೇ? ಅರಗೆಂದರೆ ಮುತ್ತುಗದಂಥ ಮರಗಳ ಕೊಂಬೆಯಲ್ಲಿ ಹುಳು ಸ್ರವಿಸುವ ಅಂಟು, ನೀರಿನಲ್ಲಿ ಕರಗದು, ಸ್ಪಿರಿಟ್ಟಿನಲ್ಲಿ ಕರಗುತ್ತದೆ ಎಂದು ಆರಂಭಿಸಿ ಪಾಂಡವರ ಅರಗಿನ ಮನೆಯವರೆಗೂ ಹೋದೆ. ವಿವರಿಸಿದಷ್ಟೂ ಅವನ ಮುಖದಲ್ಲಿ ಕನಿಕರ ಹೆಚ್ಚಿತು. "ರಿಟೈರ್ ಆದ ಮೇಲೆ ಹೊತ್ತು ಹೋಗುವುದು ಕಷ್ಟ ಬಿಡಿ" ಎಂದು ನನ್ನ ಭುಜ ತಟ್ಟಿದ. ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಹುಡುಗ!

ಸಂಜೆ ಹರಿಹರದಿಂದ ನಾದಿನಿಯ ಫೋನು. "ಭಾವ ಆರೋಗ್ಯವಾಗಿದ್ದಾರಾ?" ಎಂದಷ್ಟೇ ಕೇಳಿದಳಂತೆ. ಎರಡು ಸಲ ಕೇಳಿದಳಂತೆ. ಬಾಟಲಿ ಬೀರುವಿನೊಳಗೆ ಸೇರಿತು, ಬೀಗದ ಕೈ ಹೆಂಡತಿಯ ಸೊಂಟ ಸೇರಿತು. ಕೆಲಸಕ್ಕೆ ಕೂತಾಗ ಹೋಗಿ ಕೇಳಬೇಕು. ಕೇಳಿದರೆ "ಎಷ್ಟು?" ಎನ್ನುತ್ತಾಳೆ.

ಉಜ್ಜುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೊಂಟ ಇನ್ನೂ ಹೇಳುತ್ತಿದೆ. 80ರ ಒರಟು ಉಪ್ಪುಕಾಗದದಿಂದ ಶುರು ಮಾಡಬಾರದಿತ್ತು. 120, 220 ಎಂದು ನಯಕ್ಕೆ ಬರುವಷ್ಟರಲ್ಲಿ ಮುಚ್ಚಳದ ಒಳಗೆ ಅಜ್ಜ ಶಾಯಿಯಲ್ಲಿ ಬರೆದಿದ್ದ ವಿಳಾಸದಲ್ಲಿ "ಹತ್ತಿ ದಲಾಲರು, ದಾವಣಗೆರೆ" ಮಾತ್ರ ಉಳಿದಿತ್ತು. ಅದರ ಕೆಳಗಿನ "ಚಿತ್ರದುರ್ಗ ಜಿಲ್ಲೆ" ಅಳಿಸಿಹೋಗಿತ್ತು. ಸರಕಾರ 1997ರಲ್ಲಿ ಮಾಡಿದ್ದನ್ನು ನಾನು ಈಗ ಮಾಡಿದೆ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವಾಗದೆ ಉಳಿದದ್ದು ಬಣ್ಣದ ವಿಷಯ. ಹುಣಸೆಹಣ್ಣಿನಂಥ ಆ ಕಪ್ಪು, ಮರದ್ದೇ ಎಂದು ನಂಬಿದ್ದೆ. ಅದು ಅಜ್ಜನ ಅಂಗೈಯ ಎಣ್ಣೆ, ಜಿಡ್ಡು, ಪೇಟೆಯ ಧೂಳು. ಎಲ್ಲವೂ ಕಾಗದಕ್ಕೆ ಹತ್ತಿಕೊಂಡು ಕಸದ ಬುಟ್ಟಿ ಸೇರಿ, ಕೆಳಗಿನಿಂದ ಅರಿಸಿನ ಹಚ್ಚಿದ ಮದುಮಗಳ ಹಾಗೆ ಹಳದಿ ಪೆಟ್ಟಿಗೆಯೊಂದು ಎದ್ದುಬಂತು. ಆರು ಕೈ ಅರಗು ಕೊಟ್ಟೆ. ಹೊಳೆಯಿತು. ಹೊಳೆಯಲಿ ಎಂದು ಯಾರು ಕೇಳಿದ್ದರು?

ಯುಗಾದಿಗೆ ಬೆಂಗಳೂರಿನಿಂದ ತಮ್ಮ ಬಂದ. ಪೆಟ್ಟಿಗೆಯ ಮೇಲೆ ಕೈಯಾಡಿಸಿ "ಚೆನ್ನಾಗಿದೆಯಲ್ಲೋ ಅಣ್ಣ, ಹೊಸದಾ? ಎಷ್ಟು ಬಿತ್ತು?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, ಸ್ಪಿರಿಟ್ಟಿನಿಂದ ಆರಂಭಿಸಿ ಲೆಕ್ಕ ಹೇಳತೊಡಗಿದಳು.