ಪೆಲೆಯ ಟಪಾಲು

ಅಗ್ನಿಪರ್ವತದ ದ್ವೀಪಕ್ಕೆ ಹೋಗುವವರಿಗೆ ‘ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಗಳು’ ಅಂತ ಒಂದು ಪಟ್ಟಿ ಕಣ್ಣಿಗೆ ಬಿತ್ತು. ಮೊದಲನೆಯದು, ನೀರು ಜಾಸ್ತಿ ಕುಡಿಯಿರಿ. ಎರಡನೆಯದು, ಟೋಪಿ ಹಾಕಿಕೊಳ್ಳಿ. ಮೂರನೆಯದನ್ನು ನಾನು ಓದಲಿಲ್ಲ. ಇದನ್ನು ಹೇಳಲು ಬೆಂಕಿ ಉಗುಳುವ ಬೆಟ್ಟ ಯಾಕೆ ಬೇಕು, ಹೆತ್ತ ತಾಯಿ ಸಾಲದೇ?

ಹವಾಯಿಯ ಬಿಗ್ ಐಲೆಂಡನ್ನೇ ತೆಗೆದುಕೊಳ್ಳಿ. ಅಲ್ಲಿನ ಅಗ್ನಿಪರ್ವತ ಕಿಲಾವೇಯಾದ ನೆತ್ತಿ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ನೆಲದೊಳಗೆ ಕಲ್ಲು ಕರಗುತ್ತಿದ್ದರೂ ಮೇಲೆ ಮಳೆ, ಗಾಳಿ, ಚಳಿ. ಬೀಚಿನಿಂದ ಚಡ್ಡಿ, ಹವಾಯಿ ಚಪ್ಪಲಿಯಲ್ಲೇ ಸೀದಾ ಹತ್ತಿ ಬಂದವರು ಕುಳಿಯ ಅಂಚಿನಲ್ಲಿ ಗಡಗಡ ನಡುಗುತ್ತಾರೆ. ಗಾಳಿ ತಿರುಗಿದರೆ ಗಂಧಕದ ಹೊಗೆ ಗಂಟಲು ಹಿಡಿಯುತ್ತದೆ. ಉಬ್ಬಸ ಇರುವವರಿಗೆ ಮೊದಲು ಹೇಳಬೇಕಾದ್ದು ಇದನ್ನು, ಟೋಪಿಯನ್ನಲ್ಲ.

ಅದಿರಲಿ, ನನಗೆ ಇದೆಲ್ಲಕ್ಕಿಂತ ಮಜಾ ಅನಿಸುವುದು ಅಲ್ಲಿಗೆ ಬರುವ ಅಂಚೆ. ಕಿಲಾವೇಯಾ ಇರುವುದು ರಾಷ್ಟ್ರೀಯ ಉದ್ಯಾನದಲ್ಲಿ. ಅಲ್ಲಿಂದ ಒಂದು ಕಲ್ಲು ಎತ್ತಿಕೊಂಡು ಹೋದರೂ ಅಪರಾಧ. ಬೋರ್ಡುಗಳಿವೆ, ರೇಂಜರುಗಳಿದ್ದಾರೆ. ಆದರೂ ಜನ ಎತ್ತುತ್ತಾರೆ, ಸುಮ್ನೆ ನೆನಪಿಗೆ ಅಂತ. ಊರಿಗೆ ಹೋದ ಮೇಲೆ ಕಾರು ಕೆಡುತ್ತದೆ, ಕೆಲಸ ಹೋಗುತ್ತದೆ, ಮದುವೆ ಮುರಿಯುತ್ತದೆ. ಆಗ ಯಾರೋ ಹೇಳುತ್ತಾರೆ: ಆ ಬೆಟ್ಟದ ದೇವತೆ ಪೆಲೆ, ಅವಳ ಕಲ್ಲು ಕದ್ದವರಿಗೆ ಶಾಪ ತಟ್ಟುತ್ತದೆ! ತಗೋ, ಕಲ್ಲು ಡಬ್ಬಿಯೊಳಗೆ ಹೋಗುತ್ತದೆ, ಜೊತೆಗೊಂದು ತಪ್ಪೊಪ್ಪಿಗೆ ಪತ್ರ. ಕಳಿಸುವ ಖರ್ಚೂ ಕಳ್ಳನದೇ. ಇಂಥ ಪಾರ್ಸೆಲುಗಳು ಉದ್ಯಾನದ ಕಚೇರಿಗೆ ವರ್ಷ ವರ್ಷವೂ ಬರುತ್ತವೆ. ಕೆಲವರು ಒಂದು ಹಿಡಿ ಕಪ್ಪು ಮರಳನ್ನೂ ಲಕೋಟೆಗೆ ಹಾಕಿ ಕಳಿಸುತ್ತಾರೆ.

ಪೆಲೆ ಹವಾಯಿ ಜನರಿಗೆ ನಿಜಕ್ಕೂ ಪೂಜ್ಯಳು. ಅವಳ ಮನೆ ಹಲೆಮಾವುಮಾವು ಕುಳಿ. ಆದರೆ ಈ ಕಲ್ಲಿನ ಶಾಪ ಮಾತ್ರ ಹಳೆಯ ಪುರಾಣದ್ದಲ್ಲ, 20ನೇ ಶತಮಾನದ ಸರಕು. ಕಲ್ಲುಗಳ್ಳರಿಂದ ಬೇಸತ್ತ ರೇಂಜರೊಬ್ಬ ಕಟ್ಟಿದ ಕಥೆ ಅನ್ನುತ್ತಾರೆ ಕೆಲವರು. ಪ್ರವಾಸಿ ಬಸ್ಸಿನೊಳಗಿನ ಮಣ್ಣು ಗುಡಿಸಿ ಸಾಕಾದ ಡ್ರೈವರುಗಳದ್ದು ಅನ್ನುವವರೂ ಇದ್ದಾರೆ. ಯಾರೇ ಆಗಲಿ, ಬೋರ್ಡು ಬರೆದವರಿಗಿಂತ ಬುದ್ಧಿವಂತರು. ಕಾನೂನಿಗೆ ಕ್ಯಾರೇ ಅನ್ನದವರು ಕೆಟ್ಟ ಕಾರಿಗೆ ತಲೆಬಾಗುತ್ತಾರೆ ಅಂತ ಅವರಿಗೆ ಗೊತ್ತಿತ್ತು.

ಇಷ್ಟು ಮಾಡಿಯೂ ಕಲ್ಲು ಮನೆ ಸೇರುವುದಿಲ್ಲ. ಯಾವ ಮೂಲೆಯಿಂದ ಎತ್ತಿದ್ದು ಅಂತ ಎತ್ತಿದವನಿಗೇ ನೆನಪಿಲ್ಲ. ದೇಶವೆಲ್ಲ ಸುತ್ತಿ ಬಂದ ಕಲ್ಲಿನ ಜೊತೆ ಯಾವ ಬೀಜ, ಯಾವ ಹುಳ ಬಂದಿದೆಯೋ. ಪತ್ರ ಓದಿ, ಡಬ್ಬಿ ಒಡೆದು, ಕಲ್ಲು ವಿಲೇವಾರಿ ಮಾಡುವುದು ಸಂಬಳಕ್ಕೆ ದುಡಿಯುವ ಯಾರದೋ ತಲೆನೋವು. ಪಶ್ಚಾತ್ತಾಪ ಪಟ್ಟವರಿಗೆ ಇದು ಹೊಳೆಯುವುದೇ ಇಲ್ಲ. ನನಗೆ ಸಿಟ್ಟು ಬರುವುದು ಕದ್ದದ್ದಕ್ಕಲ್ಲ, ಈ ಭಾರವನ್ನು ಇನ್ನೊಬ್ಬರ ಮೇಜಿಗೆ ದಾಟಿಸಿ ನಿರಾಳವಾಗಿ ಮಲಗುವುದಕ್ಕೆ.

ಹಾಂ, ಶೂ ವಿಷಯ ಬಿಟ್ಟೇಹೋಗುತ್ತಿತ್ತು. ಹೊಸ ಲಾವಾ ಮೇಲೆ ಮೊದಮೊದಲು ಬೇರೂರುವ ಮರಗಳಲ್ಲಿ ಓಹಿಯಾ ಒಂದು, ಕುಚ್ಚಿನಂಥ ಕೆಂಪು ಹೂವಿನದು. ಒಂದು ಶಿಲೀಂಧ್ರ ರೋಗ ಈ ದ್ವೀಪದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಓಹಿಯಾಗಳನ್ನು ಕೊಂದಿದೆ. ಅಂಗಾಲಿಗೆ ಮೆತ್ತಿದ ಮಣ್ಣಿನಲ್ಲೂ ಅದು ಹರಡುತ್ತದೆ. ಅದಕ್ಕೇ ಕಾಲುದಾರಿಗಳ ಬಾಯಲ್ಲಿ ಬ್ರಷ್ಷು, ಸ್ಪಿರಿಟ್ಟು ಇಟ್ಟಿರುತ್ತಾರೆ. ಉಜ್ಜಲು ಒಂದು ನಿಮಿಷ ಸಾಕು. ಆದರೂ ಪಕ್ಕದಲ್ಲೇ ಹಾದುಹೋಗುವವರಿಗೇನೂ ಕಡಿಮೆಯಿಲ್ಲ. ಆ ಡ್ರೈವರುಗಳನ್ನೇ ಹಿಡಿದು ಇದಕ್ಕೂ ಒಂದು ಶಾಪ ಕಟ್ಟಿಸಬೇಕು. ಶೂ ಉಜ್ಜದವರಿಗೆ ಮಂಡಿನೋವು ಅಂದರೆ ಸಾಕು, ಕ್ಯೂ ನಿಲ್ಲುತ್ತಾರೆ.