ತಾಜ್ ಹೋಟೆಲು ಹಿಂದುಮುಂದಾಗಿಲ್ಲ

ಮುಂಬಯಿಯ ತಾಜ್ ಮಹಲ್ ಹೋಟೆಲನ್ನು ನಕ್ಷೆ ತಪ್ಪಿ ಹಿಂದುಮುಂದಾಗಿ ಕಟ್ಟಿದರು, ಅದನ್ನು ಕಂಡ ವಾಸ್ತುಶಿಲ್ಪಿ ಮನನೊಂದು ಪ್ರಾಣ ಕಳೆದುಕೊಂಡ ಎಂಬ ಕಥೆಯನ್ನು ಇಲ್ಲಿನ ನಮ್ಮ ಕನ್ನಡಿಗರೂ ಊರಿನಿಂದ ಬಂದ ನೆಂಟರಿಗೆ ಗೇಟ್‌ವೇ ತೋರಿಸುವಾಗ ಹೇಳುವುದುಂಟು. ಈಚೆಗೆ ನನಗೂ ನನ್ನ ಪತ್ನಿಗೂ ಆ ಹಳೆಯ ಕಟ್ಟಡದಲ್ಲೇ ತಂಗುವ ಅವಕಾಶ ಒದಗಿತು. ಅದನ್ನು ಒಳಗಿನಿಂದ ನಿಧಾನವಾಗಿ ನೋಡಿದ ಯಾರೂ ಈ ಕಥೆಯನ್ನು ನಂಬಲಾರರು ಎಂದು ನನಗೆ ದೃಢವಾಗಿ ಅನಿಸಿದೆ.

ಜಮ್ಶೆಡ್‌ಜಿ ಟಾಟಾ ಅವರ ಈ ಹೋಟೆಲು ತೆರೆದದ್ದು 1903ರ ಡಿಸೆಂಬರ್ 16ರಂದು. ಈಗ ಜನ ಹೋಟೆಲಿನ ಮುಂಭಾಗವೆಂದುಕೊಳ್ಳುವ ಕಡಲ ಬದಿಯಲ್ಲಿ ನಿಂತಿರುವ ಗೇಟ್‌ವೇ ಆಫ್ ಇಂಡಿಯಾ ಪೂರ್ಣಗೊಂಡದ್ದು ಆಮೇಲೆ, 1924ರಲ್ಲಿ. ಅತಿಥಿಗಳ ಗಾಡಿಗಳು ಊರಿನ ಕಡೆಯಿಂದ ಬರುತ್ತಿದ್ದ ಆ ಕಾಲಕ್ಕೆ ಹೆಬ್ಬಾಗಿಲು ಪಶ್ಚಿಮದಲ್ಲಿತ್ತು. ಈಗ ಈಜುಕೊಳವಿರುವ ಅಂಗಳವೇ ಆಗಿನ ಮುಂಭಾಗ. ಕಟ್ಟಡದ ಎರಡು ತೋಳುಗಳು ಆ ಅಂಗಳವನ್ನು ಬಳಸಿ ನಿಂತಿದ್ದು, ಉದ್ದನೆಯ ಬದಿ ಬಂದರಿಗೆ ಮುಖ ಮಾಡಿರುವುದರಿಂದ ಸಾಲುಸಾಲು ಕೋಣೆಗಳಿಗೆ ಕಡಲಿನ ನೋಟವೂ ಗಾಳಿಯೂ ದಕ್ಕುತ್ತವೆ. ಮುಂಬಯಿಯ ಮೇ ತಿಂಗಳ ಸೆಕೆಯನ್ನು ಉಂಡವರು ಬೇಕೆಂದೇ ಮಾಡಿದ ಏರ್ಪಾಡು ಇದು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ನಡುವಿನ ಮಹಡಿಮೆಟ್ಟಿಲು. ಮೆಟ್ಟಿಲುಗಳ ಒಂದು ತುದಿ ಗೋಡೆಯೊಳಗೆ ಹುದುಗಿದೆ; ಇನ್ನೊಂದು ತುದಿಗೆ ಕೆಳಗಿನಿಂದ ಕಂಬದ ಆಸರೆಯಿಲ್ಲ. ಮೇಲಿನ ಮಹಡಿಯ ಕಬ್ಬಿಣದ ಕಟಕಟೆಯ ಪಕ್ಕ ನಿಂತು ಕೆಳಗೆ ಬಗ್ಗಿ ನೋಡಿದರೆ ಅಂತಸ್ತು ಅಂತಸ್ತಾಗಿ ಇಳಿಯುವ ಮೊಗಸಾಲೆಗಳು, ತಲೆಯೆತ್ತಿದರೆ ಗುಮ್ಮಟದ ಒಳಮೈ. ಇಷ್ಟು ದೊಡ್ಡ ಜಾಗವನ್ನು ಕೋಣೆಗಳಿಗೆ ಹಂಚದೆ ಬರಿದಾಗಿ ಬಿಟ್ಟ ಆ ಧೈರ್ಯ ಇಂದಿನ ಹೋಟೆಲುಗಳಲ್ಲಿ ನನಗೆ ಕಾಣುವುದಿಲ್ಲ. ಈ ಮೆಟ್ಟಿಲನ್ನು ರೂಪಿಸಿದವರು ಕಟ್ಟಡದ ಗುತ್ತಿಗೆದಾರರಾಗಿದ್ದ ಸೊರಾಬ್ಜಿ ರತನ್‌ಜಿ ಕಾಂಟ್ರಾಕ್ಟರ್.

ನಕ್ಷೆ ಬರೆದವರು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ಕಟ್ಟಡ ಏಳುತ್ತಿರುವಾಗಲೇ ವೈದ್ಯರು ತೀರಿಕೊಂಡರು; ಡಬ್ಲ್ಯು. ಎ. ಚೇಂಬರ್ಸ್ ಅದನ್ನು ಪೂರ್ತಿಗೊಳಿಸಿದರು. ಹಿಂದುಮುಂದಿನ ಕಥೆ ನನಗೆ ನೋವುಂಟುಮಾಡುವುದು ಇದೇ ಕಾರಣಕ್ಕೆ: ಇಬ್ಬರು ಭಾರತೀಯರ ಜಾಣ ಲೆಕ್ಕಾಚಾರವನ್ನು ಅದು ತಪ್ಪು ಎಂದು ಸಾರುತ್ತಾ ಊರೂರು ತಿರುಗುತ್ತದೆ, ಅವರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. 2008ರ ನವೆಂಬರಿನ ದಾಳಿಯಲ್ಲಿ ಬೆಂಕಿಗೆ ಸಿಕ್ಕಿದ ಈ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ 2010ರ ಆಗಸ್ಟ್ 15ರಂದು ಮತ್ತೆ ತೆರೆದರು. ಆ ಕೆಲಸದಲ್ಲಿ ಪಾಲ್ಗೊಂಡ ಕುಶಲಕರ್ಮಿಗಳಿಗೂ ನಾವು ಋಣಿಗಳು.

ಬಾಡಿಗೆ ದುಬಾರಿ, ನಿಜ. ಆದರೂ ಕಟ್ಟಡಗಳ ಮೇಲೆ ಪ್ರೀತಿಯಿದ್ದು ಒಮ್ಮೆ ಉಳಿಯಲು ಸಾಧ್ಯವಾಗುವವರು ಪಕ್ಕದಲ್ಲಿ 1970ರ ದಶಕದಲ್ಲಿ ಎದ್ದ ಗೋಪುರದ ಕಟ್ಟಡವನ್ನು ಬಿಟ್ಟು ಹಳೆಯ ಭಾಗದಲ್ಲೇ ಕೋಣೆ ಕೇಳಬೇಕು. ಅದು ಕಡಲಿನ ಕಡೆಯದೇ ಆಗಬೇಕೆಂಬ ಹಟ ಬೇಡ. ಈಜುಕೊಳದತ್ತ ತೆರೆಯುವ ಕಿಟಕಿ ಸಿಕ್ಕರೆ ಹೋಟೆಲಿನ ಮೊದಲ ಮುಂಭಾಗವನ್ನು ಅಲ್ಲಿಂದಲೇ ನೋಡಬಹುದು.