ಬಚ್ಚಲು ಕಟ್ಟಿದರೂ ಎರಡು ವರ್ಷ, ವಿಗ್ರಹ ಒಡೆದರೂ ಎರಡು ವರ್ಷ

ಊರ ಹೊರಗಿನ ಹೊಯ್ಸಳ ಗುಡಿ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವಾಗಿದ್ದರೆ, ಅದರ ವಿಗ್ರಹ ಒಡೆದವನಿಗೆ ಗರಿಷ್ಠ ಶಿಕ್ಷೆ ಎರಡು ವರ್ಷ ಸೆರೆ, ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಅದೇ ಗುಡಿಯ ಪಕ್ಕದ ಮನೆಗೆ ಬಚ್ಚಲು ಸೇರಿಸಿಕೊಂಡವನಿಗೆ? ಎರಡು ವರ್ಷ ಸೆರೆ, ಅಥವಾ ಒಂದು ಲಕ್ಷ ದಂಡ, ಇಲ್ಲವೇ ಎರಡೂ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಸಾಧನೆ ಇದು. ಅದಕ್ಕೆ ಮುಂಚೆ ವಿಗ್ರಹ ಒಡೆಯುವ ದರ ಮೂರು ತಿಂಗಳು, ಐದು ಸಾವಿರ ರೂಪಾಯಿ ಇತ್ತು. ಸ್ಮಾರಕಗಳ ಮುಂದಿನ ಹಳೆಯ ನೀಲಿ ಫಲಕಗಳನ್ನು ಬದಲಿಸದ ಕಡೆ ಈಗಲೂ ಹಳೆಯ ದರಪಟ್ಟಿಯೇ ನಿಂತಿದೆ.

ಶಿಕ್ಷೆ ಸಮವಾದರೂ ಸಿಕ್ಕಿಬೀಳುವ ಸಾಧ್ಯತೆ ಸಮವಲ್ಲ. ವಿಗ್ರಹ ಒಡೆದವನು ರಾತ್ರಿ ಬಂದು ರಾತ್ರಿಯೇ ಹೋಗುತ್ತಾನೆ. ಬಚ್ಚಲು ಎಲ್ಲಿಗೂ ಓಡಿಹೋಗುವುದಿಲ್ಲ. ಹಗಲು ಹೊತ್ತಿನಲ್ಲಿ, ಜೀಪಿನಲ್ಲಿ ಬಂದು, ಟೇಪು ಹಿಡಿದು ಅಳೆದು, ನೋಟಿಸ್ ಅಂಟಿಸಿ ಊಟದ ಹೊತ್ತಿಗೆ ವಾಪಸಾಗಬಹುದಾದ ಅಪರಾಧ ಅದೊಂದೇ.

ಅಳತೆಯ ವಿಷಯ ಗೊತ್ತಿರಲಿ. ಮೊದಲ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಈ ನೂರು ಮೀಟರ್ ಶುರುವಾಗುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಅಧಿಸೂಚನೆಯಲ್ಲಿ ಇಡೀ ಸರ್ವೆ ನಂಬರು ಸೇರಿಹೋಗಿದ್ದರೆ ಹತ್ತಡಿಯ ಗುಡಿಗೆ ಅರ್ಧ ಊರೇ ಪ್ರಭಾವಳಿ. ನಿಷೇಧಿತ ವಲಯದಲ್ಲಿ ಇರುವ ಮನೆಯ ರಿಪೇರಿಗೆ ಅನುಮತಿ ಕೇಳಬಹುದು. 1992ರ ಜೂನ್ 16ಕ್ಕಿಂತ ಮೊದಲೇ ಮನೆ ಇತ್ತೆಂದು ತೋರಿಸಬೇಕು, ಆಮೇಲೆ ಕಟ್ಟಿದ್ದರೆ ಕೇಂದ್ರ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆ ಪಡೆದು ಕಟ್ಟಿರಬೇಕು. ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ. ಪಕ್ಕಕ್ಕೆ ಚಾಚಿದರೂ ಮೇಲಕ್ಕೆ ಏರಿಸಿದರೂ ಅದು ಹೊಸ ನಿರ್ಮಾಣವೇ. ಹೀಗಾಗಿ ಶೌಚಾಲಯ ಕಟ್ಟಿಕೊಳ್ಳಿ ಎಂದು ಪಂಚಾಯಿತಿ ಮೂಲಕ ಸ್ವಚ್ಛ ಭಾರತದ 12,000 ರೂಪಾಯಿ ಕೊಡುವುದೂ ಸರ್ಕಾರವೇ, ಕಟ್ಟಿದ್ದಕ್ಕೆ ನೋಟಿಸ್ ಕೊಡುವುದೂ ಸರ್ಕಾರವೇ.

ಕಾಯ್ದೆ ಬರೆದವರು ಪೂರಾ ನಿರ್ದಯಿಗಳೇನಲ್ಲ. ‘ನಿರ್ಮಾಣ’ದ ವ್ಯಾಖ್ಯೆಯಿಂದ ಸಾರ್ವಜನಿಕ ಶೌಚಾಲಯ, ಮೂತ್ರಾಲಯ, ಚರಂಡಿ, ಕುಡಿಯುವ ನೀರಿನ ಕಾಮಗಾರಿ, ಕರೆಂಟಿನ ಕೆಲಸಗಳನ್ನು ಹೊರಗಿಟ್ಟಿದ್ದಾರೆ. ಅಂದರೆ ಅಜ್ಜಿ ತನ್ನ ಹಿತ್ತಿಲಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಹೊಯ್ಸಳರ ಕೀರ್ತಿಗೆ ಕುಂದು. ಊರಿಗೆ ಊರೇ ಗುಡಿಯ ಮಗ್ಗುಲಲ್ಲಿ ಸಾಲಾಗಿ ಕೂತರೆ ಕುಂದಿಲ್ಲ.

ನಿಯಂತ್ರಿತ ವಲಯದವರದು ಇನ್ನೊಂದು ಪಾಡು. ಅವರು ಮನೆ ಕಟ್ಟಬಹುದು, ಕೇಳಿ ಕಟ್ಟಬೇಕು. ಅರ್ಜಿ ತೆಗೆದುಕೊಳ್ಳುವ ಸಕ್ಷಮ ಪ್ರಾಧಿಕಾರ 15 ದಿನದೊಳಗೆ ಅರ್ಜಿಯನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ದೆಹಲಿಯವರು ಎರಡು ತಿಂಗಳಲ್ಲಿ ಶಿಫಾರಸು ಮಾಡಬೇಕು, ಅದು ಬಂದ ಒಂದು ತಿಂಗಳಲ್ಲಿ ಸಕ್ಷಮ ಪ್ರಾಧಿಕಾರ ಉತ್ತರ ಹೇಳಬೇಕು. ಎಲ್ಲರೂ ಗಡುವು ಪಾಲಿಸಿದರೂ ಮೂರೂವರೆ ತಿಂಗಳು. ಯುಗಾದಿಗೆ ಅರ್ಜಿ ಹಾಕಿದವನು ಪಾಯ ತೆಗೆಯುವ ಹೊತ್ತಿಗೆ ಆಷಾಢ ಬಂದಿರುತ್ತದೆ. ಆಷಾಢದಲ್ಲಿ ಯಾರು ಪಾಯ ತೆಗೆಯುತ್ತಾರೆ!

ಇಷ್ಟೆಲ್ಲ ಕಾವಲಿನ ನಡುವೆ ಕ್ಷೇಮವಾಗಿರಬೇಕಾದ ಗುಡಿಯ ಒಳಕ್ಕೊಮ್ಮೆ ಹೋಗೋಣ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿ ಸೇರಿದವು. ಯಾವ ಪಟ್ಟಿಗೂ ಸೇರದ ಗುಡಿಗಳನ್ನು ಜೀರ್ಣೋದ್ಧಾರ ಸಮಿತಿಗಳು ಹಂಚಿಕೊಂಡವು. ಸಮಿತಿಯ ಮೊದಲ ಖರ್ಚು ಸ್ಯಾಂಡ್ ಬ್ಲಾಸ್ಟಿಂಗ್. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಮೋಹ್ಸ್ ಮಾಪನದಲ್ಲಿ ಅದರ ಗಡಸುತನ 3ರ ಒಳಗೆ, ಮರಳಿನದ್ದು 7. ಕಂಪ್ರೆಸರಿನಿಂದ ಮರಳು ಚಿಮ್ಮಿಸಿದರೆ ಎಣ್ಣೆ ಜಿಡ್ಡು ಹೋಗುತ್ತದೆ, ನಿಜ. ಅದರ ಹಿಂದೆಯೇ ಮದನಿಕೆಯ ಉಗುರು, ಸರದ ಮಣಿ, ಪೀಠದ ಮೇಲಿನ ರೂವಾರಿಯ ಹೆಸರು ಹೋಗುತ್ತವೆ. ಮೇಲ್ಮೈ ತರಿತರಿಯಾಗುವುದರಿಂದ ಮುಂದಿನ ಮಳೆಗಾಲದ ಪಾಚಿಗೆ ಹಿಡಿತವೂ ಸಿಗುತ್ತದೆ. ಆ ಪಾಚಿ ಕಾಣದಂತೆ ಎನಾಮಲ್ ಪೇಂಟು. ಪೇಂಟಿನೊಳಗೆ ಸಿಕ್ಕಿಬಿದ್ದ ತೇವ ಎರಡು ಮೂರು ಬೇಸಿಗೆಯಲ್ಲಿ ಕಲ್ಲಿನ ಚಕ್ಕೆಯನ್ನೂ ಸೇರಿಸಿಕೊಂಡೇ ಏಳುತ್ತದೆ. ಮತ್ತೆ ಚಂದಾ ಎತ್ತಬಹುದು.

ಮಾಳಿಗೆ ಸೋರುವುದು ಇನ್ನೂ ಲಾಭದ ಬಾಬ್ತು. ಹಳೆಯ ಮಾಳಿಗೆಯ ಮೇಲೆ ಇಟ್ಟಿಗೆ ಚೂರು, ಸುಣ್ಣದ ಗಚ್ಚಿನ ದಪ್ಪ ಹಾಸು ಇರುತ್ತದೆ. ನೀರು ಕಲ್ಲಿನ ದೋಣಿಯತ್ತ ಹರಿಯಲು ಇಳಿಜಾರು. ಅದಕ್ಕೆ ಸರಿಯಾದ ಗಾರೆ ಬೇಕೆಂದರೆ ಸುಣ್ಣ ಅರಳಿಸಿ ಕನಿಷ್ಠ ಹದಿನೈದು ದಿನ ಕೊಳೆಹಾಕಬೇಕು, ಒಂದು ಪಾಲು ಸುಣ್ಣಕ್ಕೆ ಒಂದೂವರೆ ಪಾಲು ಮರಳು, ಅಷ್ಟೇ ಇಟ್ಟಿಗೆ ಪುಡಿ, ಬೆಲ್ಲ, ಅಳಲೆಕಾಯಿ ನೆನೆಹಾಕಿ ಹುಳಿಬಂದ ನೀರು, ಗಾಣದಲ್ಲಿ ಅರೆಯಬೇಕು, ಬಳಿದ ಮೇಲೆ ವಾರಗಟ್ಟಲೆ ಒದ್ದೆ ಗೋಣಿ ಹೊದಿಸಬೇಕು. ಟೆಂಡರು ಪಾಸಾಗುವುದು ಫೆಬ್ರುವರಿಯಲ್ಲಿ, ಬಿಲ್ಲು ಆಗಬೇಕಾದ್ದು ಮಾರ್ಚ್ 31ಕ್ಕೆ. ಸುಣ್ಣ ಇನ್ನೂ ತೊಟ್ಟಿಯಲ್ಲಿ ಕೊಳೆಯುತ್ತಿರುವಾಗಲೇ ಅನುದಾನ ವಾಪಸ್ ಹೋಗುತ್ತದೆ. ಸಿಮೆಂಟಾದರೆ ಸಂಜೆಯೊಳಗೆ ಸೆಟ್ ಆಗುತ್ತದೆ, ಫೋಟೊದಲ್ಲಿ ನುಣ್ಣಗೆ ಕಾಣುತ್ತದೆ. ಬಿಸಿಲಿಗೆ ಕೂದಲೆಳೆಯ ಬಿರುಕು ಬಿಟ್ಟು ನೀರು ಒಳಗಿಳಿಯುವುದು ಮುಂದಿನ ಹಣಕಾಸು ವರ್ಷದಲ್ಲಿ. ಇಳಿದ ನೀರಿಗೆ ಸಿಮೆಂಟಿನ ಮೂಲಕ ಆವಿಯಾಗಲು ದಾರಿಯಿಲ್ಲ. ಕಲ್ಲಿನ ಮೂಲಕವೇ ಹೊರಬರುತ್ತಾ ಲವಣವನ್ನು ರಂಧ್ರಗಳಲ್ಲಿ ಬಿಟ್ಟುಹೋಗುತ್ತದೆ. ಅದು ಹರಳುಗಟ್ಟಿ ಕಲ್ಲಿನ ಮೈ ಹಪ್ಪಳದಂತೆ ಏಳುತ್ತದೆ. ಶಿಖರದಲ್ಲಿ ಹುಟ್ಟಿದ ಅರಳಿ ಗಿಡದ ಚಿಕಿತ್ಸೆಯೂ ಇದೇ ಜಾತಿಯದು: ತಲೆ ಕತ್ತರಿಸಿ ಫೋಟೊ ಹೊಡೆಯುವುದು, ಬೇರನ್ನು ಕಲ್ಲಿನ ಸಂದಿನಲ್ಲೇ ದಪ್ಪವಾಗಲು ಬಿಡುವುದು.

ಗುಡಿ ಯಾರದು ಎಂದು ತಿಳಿಯುವ ಉಪಾಯ ಸುಲಭ. ಹಿಂದಿ, ಇಂಗ್ಲಿಷಿನ ಫಲಕವೂ ಲಾನೂ ಇದ್ದರೆ ಕೇಂದ್ರದ್ದು, ಹುಂಡಿ ಇದ್ದರೆ ಮುಜರಾಯಿಯದು, ಎರಡೂ ಇಲ್ಲದೆ ಬರೀ ಮುಳ್ಳುಕಂಟಿ ಇದ್ದರೆ ವಿಚಾರಣೆಗೆ ಮೈಸೂರಿನ ರಾಜ್ಯ ಪುರಾತತ್ವ ಇಲಾಖೆಗೆ ಹೋಗಬೇಕು. ಲಾನು ನೋಡಲು ಚೆನ್ನ, ಬೇಸಿಗೆಯಲ್ಲೂ ನೀರುಣಿಸುತ್ತಾರೆ. ಆ ನೀರು ಗುಡಿಯ ಬುಡವಾದ ಅಧಿಷ್ಠಾನದ ಕೆಳಗಿಳಿದು ಕಲ್ಲಿನೊಳಗೆ ಮೇಲೇರಿದರೆ ಮಾತ್ರ ಹುಲ್ಲಿನ ವಿಭಾಗವನ್ನು ಕೇಳುವಂತಿಲ್ಲ.

ಕಾವಲುಗಾರನನ್ನು ಹುಡುಕಬೇಡಿ. ದೇಶದ 3,693 ಕೇಂದ್ರ ಸ್ಮಾರಕಗಳಲ್ಲಿ ಕಾವಲಿದ್ದದ್ದು 248 ಕಡೆ ಎಂದು ಸಂಸದೀಯ ಸಮಿತಿಯ ವರದಿಯೇ ಹೇಳಿತ್ತು. ಹಂಪಿಯಲ್ಲಿ ಹುಡುಗರು ಕಂಬ ಬೀಳಿಸಿದ್ದು 2019ರಲ್ಲಿ ಲೋಕಕ್ಕೆ ಗೊತ್ತಾದದ್ದು ವಿಡಿಯೊ ಹರಿದಾಡಿದ ಮೇಲೆ. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ ಅವರ ಕೈಯಿಂದಲೇ ಕಂಬ ನಿಲ್ಲಿಸಿತು. ಅಪರಾಧಿಗಳೇ ಚಿತ್ರೀಕರಿಸಿ ಊರಿಗೆಲ್ಲ ಹಂಚಿದರೆ ನಮ್ಮ ಸ್ಮಾರಕ ರಕ್ಷಣೆ ಎಷ್ಟು ಚುರುಕು ನೋಡಿ!

ಅದೇ ಸಮಿತಿ 50 ಸ್ಮಾರಕಗಳು ಕಾಣೆಯಾದ ಲೆಕ್ಕವನ್ನೂ ಮುಂದಿಟ್ಟಿತು: 14 ನಗರ ಬೆಳೆದು ನುಂಗಿದ್ದು, 12 ಜಲಾಶಯಗಳಲ್ಲಿ ಮುಳುಗಿದ್ದು, 24 ಎಲ್ಲಿವೆಯೆಂದೇ ತಿಳಿಯದ್ದು. ಪಟ್ಟಿಯಲ್ಲಿ ಇರುವಷ್ಟು ದಿನ ಅವುಗಳ ಸುತ್ತಲಿನ ನೂರು ಮೀಟರ್ ನಿಷೇಧ ಜಾರಿಯಲ್ಲೇ ಇರುತ್ತದೆ. ಟೇಪಿನ ಸೊನ್ನೆಯನ್ನು ಎಲ್ಲಿ ಹಿಡಿಯಬೇಕು ಎಂಬುದಷ್ಟೇ ಸಮಸ್ಯೆ. 2024ರಲ್ಲಿ 18ನ್ನು ಪಟ್ಟಿಯಿಂದ ಕೈಬಿಡಲು ಹೊರಟಾಗ ಟೇಪು ಹಿಡಿಯುವವರಿಗೆ ಕೊಂಚ ನಿರಾಳವಾಗಿರಬೇಕು.

ಕಾಯ್ದೆಯಲ್ಲಿ ಮೂರು ವರ್ಷದ ಸೆರೆ ಹೇಳುವ ಒಂದು ಕಲಮೂ ಇದೆ, 30ಸಿ. ಅದು ಕೇಂದ್ರ ಸರ್ಕಾರದ ಅಧಿಕಾರಿಗೆ: ನಿಷೇಧಿತ ಅಥವಾ ನಿಯಂತ್ರಿತ ವಲಯದ ಕಟ್ಟಡಕ್ಕೆ ಕಣ್ಣು ಮುಚ್ಚಿ ಸಹಕರಿಸಿದರೆ. ಮಾಳಿಗೆ ಸೋರಿ ಶಾಸನ ಸವೆದರೆ ಆ ಕಲಮು ಅನ್ವಯಿಸುವುದಿಲ್ಲ, ಸೋರುವುದು ನಿರ್ಮಾಣದ ವ್ಯಾಖ್ಯೆಯಲ್ಲಿ ಬರುವುದಿಲ್ಲವಲ್ಲ. ನೀಲಿ ಫಲಕದಲ್ಲಂತೂ ಈ ಕಲಮನ್ನು ಬರೆಸುವುದಿಲ್ಲ. ಜಾಗ ಸಾಲದು.